ನಾಲ್ಕು ಮೂಲೆ, ಎಂಟು ಕೊಯ್ತ, ಒಬ್ಬ ಲೆಕ್ಕದ ಮಾಷ್ಟ್ರು

ಪುತ್ತೂರು, ಸುಳ್ಯ, ಕಡಬದ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಒಂದು ಗುಟ್ಟಿನ ಕೋಣೆ ಇರುತ್ತದೆ. ಬಂದವರು ಕೇಳಿದರೆ ಅದು ಗೊಬ್ಬರದ ಕೋಣೆ. ಒಳಗೆ ಗೋಣಿ ಹೊದ್ದು ಮಲಗಿರುವುದು ಮಾತ್ರ ಗೊಬ್ಬರವಲ್ಲ, ಮನೆಯ ಯಜಮಾನರು ಯಂತ್ರಮೇಳಗಳಲ್ಲಿ ಮರುಳಾಗಿ ಹೊತ್ತು ತಂದ ಯಂತ್ರಗಳು. ಮರ ಏರುವ ಯಂತ್ರ, ಅಡಿಕೆ ಸುಲಿಯುವ ಯಂತ್ರ, ಹಪ್ಪಳ ಒತ್ತುವ ಯಂತ್ರ, ಬಿಚ್ಚಿದರೆ ಮಡಚದ ಮಡಚಿದರೆ ಬಿಚ್ಚದ ದೋಟಿ. ನಿಮ್ಮ ಮನೆಯಲ್ಲೂ ಒಂದು ಉಂಟು, ಸುಮ್ಮನೆ ಇಲ್ಲ ಅನ್ನಬೇಡಿ. ಸಂಶಯವಿದ್ದರೆ ಮನೆಯಾಕೆಯನ್ನು ಕೇಳಿ. ಅದರ ಕ್ರಯ ಎಷ್ಟು, ಎಷ್ಟು ಸಲ ಓಡಿತು ಎಂಬುದರ ಲೆಕ್ಕ ಅವರಲ್ಲಿ ಬಾಯಿಪಾಠ ಇರುತ್ತದೆ. ಇನ್ನು ನನ್ನ ಕಥೆ. 'ಅಡಿಕೆ ಪತ್ರಿಕೆ' 1988ರಿಂದ ನಮ್ಮ ಪುತ್ತೂರಿನಿಂದ ಹೊರಡುತ್ತಿದೆ. ಕೃಷಿಕರ ಕೈಗೆ ಲೇಖನಿ ಕೊಡಬೇಕು ಎಂಬುದು ಅದರ ಧ್ಯೇಯ. ಹಾಗೆ ಲೇಖನಿ ಸಿಕ್ಕಿದವರಲ್ಲಿ ನಾನೂ ಒಬ್ಬ. ಗರಗಸವನ್ನು ಮಾತ್ರ ನನಗೆ ಯಾರೂ ಕೊಡಲಿಲ್ಲ. ಅದನ್ನು ನಾನೇ ದುಡ್ಡು ಕೊಟ್ಟು ತಂದುಕೊಂಡೆ.

ನಾನು ನಿವೃತ್ತ ಲೆಕ್ಕದ ಮಾಷ್ಟ್ರು. ಹೆಂಡತಿಯ ತಮ್ಮ ಕಡಬದ ಹತ್ತಿರ ಹೊಸ ಮನೆ ಕಟ್ಟಿಸಿದ. ಮಳೆಗಾಲದ ಹೊಸ್ತಿಲಿನ ಪತ್ತನಾಜೆಗೆ ಮೊದಲು ಒಕ್ಕಲು ಎಂದು ದಿನ ಇಟ್ಟಾಯಿತು. ಅವರ ಅಜ್ಜನ ದೊಡ್ಡ ಫೋಟೋ ಒಂದು ಹಳೆಯ ಮನೆಯ ಅಟ್ಟದಲ್ಲಿತ್ತು. ಕಟ್ಟು ಗೆದ್ದಲಿಗೆ ಆಹಾರವಾಗಿತ್ತು. ಅದೇ ಅಜ್ಜ ನೆಟ್ಟ ಹಲಸಿನ ಮರ ಗಾಳಿಗೆ ಬಿದ್ದು, ಮಿಲ್ಲಿನಲ್ಲಿ ಹಲಗೆಯಾಗಿ, ನಮ್ಮ ಅಟ್ಟದಲ್ಲಿ ಒಣಗುತ್ತಿತ್ತು. ಅಜ್ಜ ನೆಟ್ಟ ಮರದಲ್ಲಿ ಅಜ್ಜನಿಗೇ ಕಟ್ಟು! ಈ ಯೋಚನೆ ಹೊಳೆದ ಕೂಡಲೇ ನನ್ನ ಕಣ್ಣಲ್ಲಿ ನೀರು ಬಂತು. ಹೆಂಡತಿಯ ಕಣ್ಣಲ್ಲೂ ಬಂತು. ನಮ್ಮ ಆಚಾರ್ರು ಸುಳ್ಯದಲ್ಲಿ ಯಾರದೋ ಮನೆಯ ದಾರಂದದ ಕೆಲಸದಲ್ಲಿದ್ದರು. ಫೋನಿನಲ್ಲಿ, "ಒಂದು ಗಂಟೆಯ ಕೆಲಸ ಮಾಷ್ಟ್ರೇ, ಆದಿತ್ಯವಾರ ಬಂದು ಮಾಡಿ ಕೊಡ್ತೇನೆ" ಅಂದರು. ನಾನು, "ಬೇಡ ಆಚಾರ್ರೇ, ನಾನೇ ಮಾಡ್ತೇನೆ. ನಾಲ್ಕು ಪಟ್ಟಿ, ನಾಲ್ಕು ಮೂಲೆ, ನಲವತ್ತೈದು ಡಿಗ್ರಿ. ರೇಖಾಗಣಿತ ಅಲ್ಲವಾ?" ಅಂದೆ. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ನೆಟ್‌ವರ್ಕ್ ತೊಂದರೆ ಎಂದು ಭಾವಿಸಿದೆ.

ಗರಗಸ ತರಲು ಹೋದ ಪುತ್ತೂರಿನ ಅಂಗಡಿಯಲ್ಲಿದ್ದ ಹುಡುಗ ನನ್ನ ಶಿಷ್ಯ. ಒಂದೇ ಊರಿನಲ್ಲಿ ಜೀವಮಾನವಿಡೀ ಲೆಕ್ಕ ಕಲಿಸಿದವನಿಗೆ ಇರುವ ದೊಡ್ಡ ಕಷ್ಟ ಇದು: ನೀವು ಎಲ್ಲಿ ಎಡವಿ ಬಿದ್ದರೂ ಎತ್ತಲು ಓಡಿ ಬರುವವನು ನೀವು ಒಂದು ಕಾಲದಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನೇ ಆಗಿರುತ್ತಾನೆ. ಕಾಂಪೌಂಡ್ ಮೈಟರ್ ಸಾ ಬೇಕು ಅಂದಾಗ ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಯಾರಿಗೆ ಸಾರ್?" ಅಂದ. ನನಗೇ ಅಂದೆ. ಪಾಪ, ಕುರ್ಚಿ ತಂದು ಕೂರಿಸಿ ಪಾಠ ಮಾಡಿದ. "ಬ್ಲೇಡು ಮೇಲಿಂದ ಕೆಳಗೆ ಬರ್ತದೆ. ಅಡಿಯ ತಟ್ಟೆ ತಿರುಗಿಸಿದ್ರೆ ಮರದ ಮೇಲ್ಮೈಯಲ್ಲಿ ಓರೆ ಗೀಟು ಕೊಯ್ತದೆ. ತಲೆಯನ್ನೇ ವಾಲಿಸಿದ್ರೆ ಮರದ ದಪ್ಪ ಓರೆಯಾಗಿ ಕೊಯ್ತದೆ. ಎರಡನ್ನೂ ಒಟ್ಟಿಗೆ ಮಾಡಿದ್ರೆ ಅದು ಕಾಂಪೌಂಡು. 10 ಇಂಚಿನ ಬ್ಲೇಡು ಸಾರ್, ಮಿನಿಟಿಗೆ ಐದು ಸಾವಿರ ಸುತ್ತಿನ ಹತ್ತಿರ ಹೋಗ್ತದೆ. ಕೈ ಬ್ಲೇಡಿನಿಂದ ಅರ್ಧ ಅಡಿ ದೂರ ಇರ್ಬೇಕು." ಆಮೇಲೆ ಸ್ವಲ್ಪ ಯೋಚಿಸಿ, "ನೀವು ಒಂದಡಿ ಇಟ್ಕೊಳ್ಳಿ ಸಾರ್" ಅಂದ.

ಮನೆಗೆ ತಂದು ನೋಡುತ್ತೇನೆ, ತಟ್ಟೆಯ ಮೇಲೆ ಕೋನಗಳ ಮಾಪಕ! ಎಷ್ಟೋ ವರ್ಷ ಕರಿಹಲಗೆಯ ಮೇಲೆ ನಾನು ಹಿಡಿದು ತೋರಿಸಿದ ಕೋನಮಾಪಕಕ್ಕೆ ಹಲ್ಲು, ಮೋಟಾರು ಬಂದಿದೆ. 0, 15, 22.5, 45ರಲ್ಲಿ ತಟ್ಟೆ ಟಕ್ಕೆಂದು ತಾನಾಗಿ ನಿಲ್ಲುತ್ತದೆ. ಎಂಟು ಮೂಲೆಯ ಚೌಕಟ್ಟಿಗೆ 22.5, ನಾಲ್ಕು ಮೂಲೆಗೆ 45. 180ನ್ನು ಮೂಲೆಗಳ ಸಂಖ್ಯೆಯಿಂದ ಭಾಗಿಸಿದರೆ ಆಯಿತು. ಇಷ್ಟೆಲ್ಲ ಮನೆಯವರಿಗೆ ವಿವರಿಸಿದೆ. ಆದರೆ 31.6 ಎಂಬಲ್ಲಿ ಇನ್ನೊಂದು ಗುರುತು ಇತ್ತು. ಇದು ಯಾವ ಬಹುಭುಜಾಕೃತಿಗೆ? ಭಾಗಿಸಿ ನೋಡಿದೆ, ಐದೂಮುಕ್ಕಾಲಿಗೆ ಹತ್ತಿರದ ಮೂಲೆಗಳು ಬಂದವು. ಐದೂಮುಕ್ಕಾಲು ಮೂಲೆಯ ಚೌಕಟ್ಟು ಹೇಗಿರುತ್ತದೆ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ತಿಳಿದದ್ದು: ಹೊರದೇಶದ ಮನೆಗಳಲ್ಲಿ ಗೋಡೆ ಮತ್ತು ಸೀಲಿಂಗ್ ಸೇರುವಲ್ಲಿ ಓರೆಯಾಗಿ ಒಂದು ಅಲಂಕಾರದ ಪಟ್ಟಿ ಕೂರಿಸುತ್ತಾರೆ, ಅದನ್ನು ಮಲಗಿಸಿ ಕೊಯ್ಯುವಾಗ ತಟ್ಟೆ 31.6, ತಲೆ 33.9ಕ್ಕೆ ಬರಬೇಕು. ಹಂಚಿನ ಮಾಡಿನ ಕೆಳಗೆ ಹುಟ್ಟಿ ಬೆಳೆದ ನನಗೆ ಆ ನಂಬ್ರ ಯಾವ ಜನ್ಮದಲ್ಲೂ ಬೇಕಾಗಲಿಕ್ಕಿಲ್ಲ.

ಕೈಪಿಡಿ ಹಲವು ಭಾಷೆಗಳಲ್ಲಿತ್ತು, ಕನ್ನಡ ಒಂದನ್ನು ಬಿಟ್ಟು. ಚಿತ್ರಗಳನ್ನೇ ಓದಿದೆ. ಚಿತ್ರದ ಮನುಷ್ಯ ಮೈಗೆ ಅಂಟಿದ ಅಂಗಿ, ಕನ್ನಡಕ, ಕಿವಿಮುಚ್ಚಿಗೆ ಹಾಕಿಕೊಂಡಿದ್ದ. ಪಂಚೆ ಉಟ್ಟು ಹೆಗಲಿಗೆ ಬೈರಾಸು ಹಾಕಿದವನ ಚಿತ್ರ ಎಲ್ಲೂ ಇರಲಿಲ್ಲ. ಇಲ್ಲ ಎಂದರೆ ನಿಷೇಧವೂ ಇಲ್ಲ ಎಂದು ತರ್ಕ ಮಾಡಿದೆ. ಮಿಷನು ಶುರುವಾದದ್ದೇ ತಡ, ನೋಡಲು ಬಗ್ಗಿದ ನನ್ನ ಹೆಗಲಿನಿಂದ ಬೈರಾಸಿನ ತುದಿ ಜಾರಿತು. ಬರ್ರ್ ಎಂಬ ಸದ್ದು ಕೇಳಿ ಕೈ ಬಿಟ್ಟು ಹಿಂದೆ ಹಾರಿದೆ. ಮುಂದಿನ ಕ್ಷಣ ಬ್ಲೇಡು ನನ್ನ ಬೈರಾಸನ್ನು ಮುಂಡಾಸು ಸುತ್ತಿಕೊಂಡು ನಿಂತಿತ್ತು. ಹಾರಿದ ರಭಸಕ್ಕೆ ಪಂಚೆಯೂ ನನ್ನ ಜತೆಗೆ ಪೂರ್ತಿ ಬಂದಿರಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಹಾಲಿನ ಡೈರಿಗೆ ಹೊರಟ ಪಕ್ಕದ ಮನೆಯವರು ಅಂಗಳದಲ್ಲಿ ನಿಂತು, "ಎಂಥ ಮಾಷ್ಟ್ರೇ, ಸೆಕೆಯಾ?" ಎಂದು ಕೇಳಿದರು. ಮರುದಿನದಿಂದ ಮಗನ ಕಾಲೇಜು ಕಾಲದ ಬಿಗಿ ಪ್ಯಾಂಟು, ಅದಕ್ಕೆ ತಕ್ಕ ಬನಿಯನು, ಮದ್ದು ಬಿಡುವಾಗ ಹಾಕುವ ಕನ್ನಡಕ. ಆ ಬನಿಯನಿನ ಎದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದರ ಅರ್ಥವನ್ನು ಮಗ ಈವರೆಗೆ ನನಗೆ ಹೇಳಿಕೊಟ್ಟಿಲ್ಲ. ನನ್ನನ್ನು ನೋಡಿದ ಹಸು ಆ ದಿನ ಹಾಲು ಕಡಿಮೆ ಕೊಟ್ಟಿತು.

ವೇಷ ಸರಿಯಾಯಿತು, ಕೊಯ್ತ ಶುರುವಾಗಬೇಕು. ಬ್ಲೇಡು ಪೂರ್ತಿ ವೇಗ ಹಿಡಿದ ಮೇಲೆಯೇ ಮರಕ್ಕೆ ಇಳಿಸಬೇಕು, ಕೊಯ್ದಾದ ಮೇಲೆ ಅದು ನಿಲ್ಲುವ ತನಕ ಎತ್ತಬಾರದು, ಹಲಗೆಯನ್ನು ಬೇಲಿಗೆ ಒತ್ತಿ ಕ್ಲ್ಯಾಂಪು ಬಿಗಿಯಬೇಕು. ಹಿಂಬದಿಯ ಆಧಾರದ ಪಟ್ಟಿಗೆ ಬೇಲಿ ಎಂದೇ ಹೆಸರು. ಹುಡುಗ ಈ ಮೂರನ್ನೂ ಹೇಳಿದ್ದ. ನಾನು ಬ್ಲೇಡನ್ನು ಮರದ ಮೇಲೆ ಮೆಲ್ಲನೆ ಕೂರಿಸಿ, ಗುರುತಿಗೆ ಸರಿ ಉಂಟಾ ಎಂದು ನೋಡಿ, ಆಮೇಲೆ ಸ್ವಿಚ್ಚು ಒತ್ತಿದೆ. ಲೆಕ್ಕ ಬಿಡಿಸುವ ಕ್ರಮ ಅದೇ ಅಲ್ಲವೇ, ಮೊದಲು ನಿಖರವಾಗಿ ಇಟ್ಟುಕೊಳ್ಳುವುದು? ಹಲ್ಲುಗಳು ಮರವನ್ನು ಕಚ್ಚಿದವು, ಕೊಯ್ಯಲಿಲ್ಲ. ಕ್ಲ್ಯಾಂಪು ಇಲ್ಲದ ಹಲಗೆ ನನ್ನ ಕೈಯಿಂದ ಜಿಗಿದು, ಜಗಲಿ ದಾಟಿ, ತುಳಸಿಕಟ್ಟೆಗೆ ಒಂದು ಸುತ್ತು ಬಂದು ಹಟ್ಟಿಯ ಬಾಗಿಲಲ್ಲಿ ನಿಂತಿತು. ಬೆರಳುಗಳನ್ನು ಎಣಿಸಿದೆ. ಗಾಬರಿಯಲ್ಲಿ ಮೊದಲ ಎಣಿಕೆಗೆ ಒಂಬತ್ತು ಬಂದು ಎದೆ ಒಡೆದುಹೋಯಿತು. ಎಣಿಸುತ್ತಿದ್ದ ಬೆರಳನ್ನು ಎಣಿಸಿರಲಿಲ್ಲ. ಶಿವರಾಮ ಕಾರಂತರು ಪರ್ಲಡ್ಕದ ಬಾಲವನದಲ್ಲಿ ಇದ್ದವರು, ಅವರ ಆತ್ಮಕಥೆಯ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಅದೇ ತಾಲೂಕಿನ ಇನ್ನೊಂದು ಹುಚ್ಚು ಮನಸ್ಸಿಗೆ ಹತ್ತು ಬೆರಳು ಉಳಿದದ್ದೇ ದೊಡ್ಡ ಸಾಧನೆ ಎಂದು ಆ ಹೊತ್ತಿಗೆ ಅನ್ನಿಸಿತು.

ಇನ್ನು ಉದ್ದದ ಲೆಕ್ಕ. ಹಲಗೆಯ ಉದ್ದವನ್ನು ಸರಿಯಾಗಿ ಭಾಗ ಮಾಡಿ, ಪೆನ್ಸಿಲಿನ ಗೀಟು ಹಾಕಿ, ಗೀಟಿನ ಮೇಲೆಯೇ ಕೊಯ್ಯುತ್ತ ಹೋದೆ. ಕೊನೆಯ ತುಂಡು ಗಿಡ್ಡ ಬಂತು. ಟೇಪು ಹಾಳೇ? ಬೇರೆ ಟೇಪು ತಂದೆ, ಅದೂ ಗಿಡ್ಡ ಅಂದಿತು. ಹೆಂಡತಿಯ ಹೊಲಿಗೆಯ ಟೇಪಿನಲ್ಲೂ ಅಳೆದೆ. ಆಮೇಲೆ ಕಾಲಬುಡದ ಹಳದಿ ಹುಡಿಯ ರಾಶಿ ನೋಡಿ ಜ್ಞಾನೋದಯವಾಯಿತು. ಬ್ಲೇಡಿಗೂ ಒಂದು ದಪ್ಪ ಉಂಟು. ಪ್ರತಿ ಕೊಯ್ತಕ್ಕೂ ಮೂರು ಮಿಲ್ಲಿಮೀಟರಿನ ಹತ್ತಿರ ಮರ ಹುಡಿಯಾಗಿ ಹೋಗುತ್ತದೆ. ಗೀಟಿನ ಮೇಲೆ ಅಲ್ಲ, ಬೇಡದ ತುಂಡಿನ ಕಡೆಗೆ ಬ್ಲೇಡು ಇಳಿಯಬೇಕು. ನೂರು ಮೀಟರಿನ ಬೇಲಿಗೆ ಹತ್ತು ಮೀಟರಿಗೊಂದು ಕಂಬ ಹಾಕಿದರೆ ಎಷ್ಟು ಕಂಬ ಎಂದು ಕೇಳಿ, ಹತ್ತು ಎಂದ ಮಕ್ಕಳನ್ನು ಎಷ್ಟು ವರ್ಷ ಬೆಂಚಿನ ಮೇಲೆ ನಿಲ್ಲಿಸಿದೆನೋ! ಆ ಮಕ್ಕಳೆಲ್ಲ ಸಾಲಾಗಿ ನಿಂತು ನೋಡುತ್ತಿದ್ದಾರೆ ಅನ್ನಿಸಿ ಒಂದು ಗಳಿಗೆ ಸ್ಟೂಲಿನ ಮೇಲೆ ಹತ್ತಿ ನಿಂತೆ.

ಆದರೆ ನಿಜವಾದ ಮರ್ಯಾದೆ ಹೋದದ್ದು ಕೋನದಲ್ಲಿ. ನಾಲ್ಕು ಪಟ್ಟಿ, ಎರಡೆರಡು ತುದಿ, ಒಟ್ಟು ಎಂಟು ಕೊಯ್ತ. ಎಲ್ಲವೂ 45ಕ್ಕೆ. ಜೋಡಿಸಿದರೆ ಮೂರು ಮೂಲೆಗಳು ಒಂದನ್ನೊಂದು ಅಪ್ಪಿಕೊಂಡವು, ನಾಲ್ಕನೆಯದು ಬಾಯಿ ಕಳೆದು ನಿಂತಿತು. ಪ್ರತಿ ಕೊಯ್ತದಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಎಂಟರಲ್ಲಿ ನಾಲ್ಕು ಡಿಗ್ರಿ. ಎರಡೂವರೆ ಇಂಚು ಅಗಲದ ಪಟ್ಟಿಯಲ್ಲಿ ಅದು ಆರು ಮಿಲ್ಲಿಮೀಟರಿನ ಸಂದು. ಈ ಲೆಕ್ಕವನ್ನು ಅಲ್ಲೇ ಗೋಡೆಯ ಮೇಲೆ ಬಿಡಿಸಿ ಉತ್ತರ ಸರಿ ಬಂತು ಎಂದು ಖುಷಿಪಟ್ಟೆ. ಸಂದು ಅಲ್ಲೇ ಇತ್ತು. ನೋಡಿ, ಪುತ್ತೂರಿನಿಂದ ಒಂದಿಷ್ಟು, ಸುಳ್ಯದಿಂದ ಒಂದಿಷ್ಟು ಕೊಯ್ದು ಕಡಬ ಎಂಬ ಹೊಸ ತಾಲೂಕನ್ನೇ ಮಾಡಿದರು. ಹೊಳೆ ಗುಡ್ಡ ತೋಟ ಎಲ್ಲದರ ನಡುವೆ ಗೀಟು ಎಳೆದರೂ ಒಂದು ಸೆಂಟ್ಸ್ ನೆಲ ಹುಡಿಯಾಗಿ ಹೋಗಲಿಲ್ಲ, ಮೂರು ತಾಲೂಕು ಸೇರುವಲ್ಲಿ ಸಂದು ಬಿಡಲಿಲ್ಲ. ಆ ಗಡಿಯ ಆಸುಪಾಸಿನಲ್ಲೇ ಕೂತ ನನಗೆ ನಾಲ್ಕು ಹಲಸಿನ ಪಟ್ಟಿ ಸೇರಿಸಲಿಕ್ಕಾಗಲಿಲ್ಲ.

ಸಂದು ಮುಚ್ಚಲು ಆ ಮೂಲೆಯಲ್ಲಿ ಒಂಚೂರು ಕೊಯ್ದೆ. ಆಗ ಆ ಪಟ್ಟಿ ತನ್ನ ಎದುರಿನದಕ್ಕಿಂತ ಗಿಡ್ಡವಾಯಿತು. ಎದುರುಬದುರು ಪಟ್ಟಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ ಇರದಿದ್ದರೆ ಕೋನ ಎಷ್ಟೇ ಸರಿಯಿದ್ದರೂ ಮೂಲೆ ಕೂಡುವುದಿಲ್ಲ. ಸರಿ, ಎದುರಿನದನ್ನೂ ಕೊಯ್ದೆ. ಈಗ ಇನ್ನೊಂದು ಮೂಲೆ ಬಾಯಿ ತೆರೆಯಿತು. ಅದಕ್ಕೆ ಒಂಚೂರು, ಇದಕ್ಕೆ ಒಂಚೂರು. ಕಟ್ಟು ಸಣ್ಣದಾಗುತ್ತ ಬಂದ ಕ್ರಮದಲ್ಲಿ ಅಜ್ಜನ ಫೋಟೋದಿಂದ ಮೊದಲು ಕಾಲಬುಡದ ನಾಯಿ ಹೊರಗೆ ಹೋಯಿತು. ಆಮೇಲೆ ಅಜ್ಜ ಕುಳಿತ ಕುರ್ಚಿ. ಆಮೇಲೆ ಬೆತ್ತ, ಕೈ, ಶಾಲು. ಸಂಜೆ ಹೊತ್ತಿಗೆ ಕಟ್ಟಿನೊಳಗೆ ಉಳಿದದ್ದು ಅಜ್ಜನ ಮೂಗು ಮತ್ತು ಮೀಸೆಯ ಎಡಭಾಗ. ಮೂಲೆಗಳು ಆಗಲೂ ಕೂಡಿರಲಿಲ್ಲ. "ಇನ್ನು ಸ್ವಲ್ಪ ಕೊಯ್ದರೆ ಉಂಗುರಕ್ಕೆ ಆಗ್ತದೆ" ಎಂದು ಹೆಂಡತಿ ಹೇಳಿ ಒಳಗೆ ಹೋದಳು.

ಹೊಸ ಹಲಗೆ ಇಳಿಸಿದೆ. ತಪ್ಪು ನನ್ನದಲ್ಲ, ಬ್ಲೇಡು ಮೊಂಡಾಗಿದೆ ಎಂದು ತೀರ್ಮಾನವಾಯಿತು. ಹಳೆಯ ದಾರಂದದ ತುಂಡಿನಲ್ಲಿ ಅಭ್ಯಾಸ ಮಾಡುವಾಗ ಒಳಗೆ ಮುರಿದು ಕೂತ ಮೊಳೆಯನ್ನು ಅದು ಕೊಯ್ದಿತ್ತು. ಪ್ಲಗ್ಗು ಕಿತ್ತು ಬ್ಲೇಡು ಬದಲಿಸಲು ಕೂತೆ. ಪ್ಲಗ್ಗು ಕೀಳಲು ನೆನಪಾದದ್ದು ಈ ಇಡೀ ಪುರಾಣದಲ್ಲಿ ನಾನು ಹೆಮ್ಮೆ ಪಡಬಹುದಾದ ಒಂದೇ ಜಾಗ, ದಯವಿಟ್ಟು ಗಮನಿಸಿ. ಬೋಲ್ಟು ಸಡಿಲಿಸಲು ಎಡಕ್ಕೆ ತಿರುಗಿಸಿದೆ. ಬರಲಿಲ್ಲ. ಸ್ಪ್ಯಾನರಿಗೆ ಪಂಪಿನ ಪೈಪು ಸಿಕ್ಕಿಸಿ ಉದ್ದ ಮಾಡಿ ತಿರುಗಿಸಿದೆ. ಸನ್ನೆಕೋಲಿನ ತತ್ವ, ಆರ್ಕಿಮಿಡೀಸ್. ಬರಲಿಲ್ಲ. ತೋಟದ ಕೆಲಸದವರನ್ನು ಕರೆದೆ, ಎಲ್ಲರೂ ಸೇರಿ ಪೈಪಿಗೆ ಜೋತುಬಿದ್ದೆವು. ತೆಂಗಿನೆಣ್ಣೆ ಬಿಟ್ಟೆವು. ಕೊನೆಗೆ ಮಿಷನನ್ನು ರಿಕ್ಷಾದಲ್ಲಿ ಹಾಕಿ ಗ್ಯಾರೇಜಿಗೆ ಒಯ್ದೆ. ಅಲ್ಲಿಯೂ ಶಿಷ್ಯ. "ಇದರದ್ದು ಎಡಗೈ ಮರೆ ಸಾರ್. ಸಡಿಲ ಮಾಡ್ಲಿಕ್ಕೆ ಬಲಕ್ಕೆ ತಿರುಗಿಸಬೇಕು, ಬ್ಲೇಡು ತಿರುಗುವಾಗ ತಾನಾಗಿ ಕಳಚಬಾರದು ಅಂತ ಹಾಗೆ ಮಾಡಿರ್ತಾರೆ" ಅಂದ. ಇಷ್ಟು ಹೊತ್ತು ನಾವೆಲ್ಲ ಸೇರಿ ಬೋಲ್ಟನ್ನು ಬಿಗಿ ಮಾಡಿದ್ದೆವು. ಅದನ್ನು ಬಿಚ್ಚಲು ಅವನ ಗ್ಯಾರೇಜಿನವರೂ ಸೇರಿ ಜೋತುಬೀಳಬೇಕಾಯಿತು. ದುಡ್ಡು ತೆಗೆದುಕೊಳ್ಳಲಿಲ್ಲ. "ನೀವು ಕಲಿಸಿದ ಋಣ ಸಾರ್" ಅಂದ. ಅವನಿಗೆ ನಾನು ಏನು ಕಲಿಸಿದ್ದೆನೋ ಎಂದು ಆಲೋಚಿಸುತ್ತ ಬಂದೆ.

ಹೊಸ ಬ್ಲೇಡು, ಹೊಸ ಹುರುಪು. ಅಟ್ಟದಿಂದ ಇಳಿಸಿದ ಹಲಗೆ ಸ್ವಲ್ಪ ಬಾಗಿತ್ತು. ಬಾಗಿದ ಹಲಗೆಯ ಉಬ್ಬು ಬೇಲಿಗೆ ತಾಗಬೇಕು. ತಗ್ಗು ಬೇಲಿಯ ಕಡೆಗಿದ್ದರೆ ಕೊಯ್ಯುತ್ತಿದ್ದಂತೆ ಹಲಗೆಯ ಎರಡು ಭಾಗಗಳೂ ಒಳಕ್ಕೆ ಮಡಚಿ ಬ್ಲೇಡನ್ನು ಅಮುಕಿ ಹಿಡಿಯುತ್ತವೆ. ಇದು ನನಗೆ ಈಗ ಗೊತ್ತು. ಆ ಮಧ್ಯಾಹ್ನ ಗೊತ್ತಿರಲಿಲ್ಲ. ಸಿಕ್ಕಿಬಿದ್ದ ಬ್ಲೇಡು ರಪ್ಪೆಂದು ಕೊಸರಿಕೊಂಡಾಗ ಕೊಯ್ದ ತುಂಡು ಮೇಲಕ್ಕೆ ಹಾರಿತು. ಹಂಚು ಒಡೆದ ಸದ್ದು ಕೇಳಿತು, ತುಂಡು ಕೆಳಗೆ ಬರಲಿಲ್ಲ. ಹೋಗಲಿ ಒಂದು ಹಂಚು ಎಂದು ಸುಮ್ಮನಾದೆ. ಪತ್ತನಾಜೆಯ ಹೊತ್ತಿನ ಗುಡುಗುಮಳೆ ನಿಮಗೆ ಗೊತ್ತಲ್ಲ, ಸಂಜೆ ನಾಲ್ಕಕ್ಕೆ ಆಕಾಶ ಸ್ವಚ್ಛ, ನಾಲ್ಕೂವರೆಗೆ ಅಂಗಳದಲ್ಲಿ ಹೊಳೆ. ಮಾಡಿನಲ್ಲಿದ್ದ ಅಷ್ಟು ಹಂಚುಗಳಲ್ಲಿ ಒಡೆದದ್ದು ಸರಿಯಾಗಿ ಉಗ್ರಾಣದ ಮೇಲಿನದು. ಅದರ ನೇರ ಕೆಳಗೆ ವರ್ಷದ ಉಪ್ಪುಸೊಳೆಯ ಭರಣಿ. ಅದರ ಬಾಯಿಗೆ ಬಟ್ಟೆ ಕಟ್ಟಲು ಹೆಂಡತಿ ಬಟ್ಟೆ ಹುಡುಕುತ್ತಿದ್ದಳು, ಏಕೆಂದರೆ ಅಲ್ಲಿದ್ದ ಬೈರಾಸನ್ನು ನಾನೇ ಹೆಗಲಿಗೆ ಹಾಕಿಕೊಂಡು ಹೋಗಿ ಹರಿಸಿದ್ದೆ. ಆ ವರ್ಷ ನಮ್ಮ ಮನೆಯಲ್ಲಿ ಸೊಳೆ ಪಲ್ಯ ಆಗಲಿಲ್ಲ. ಯಾಕೆ ಎಂದು ಬಂದ ನೆಂಟರೆಲ್ಲರಿಗೂ ಮೊದಲಿನಿಂದ ವಿವರಿಸಬೇಕಾಯಿತು, ಬನಿಯನಿನ ಸಮೇತ.

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಸ್ವಿಚ್ಚನ್ನು ಒತ್ತಿ ಹಿಡಿದು ನನ್ನ ಬೆರಳು ನೋಯುತ್ತಿತ್ತು. ಕೈ ತೆಗೆದ ಕೂಡಲೇ ಮಿಷನು ನಿಲ್ಲಲಿ ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ನಾನು ಅದಕ್ಕೆ ಸೈಕಲ್ ಟ್ಯೂಬಿನ ಒಂದು ಪಟ್ಟಿ ಸುತ್ತಿ ಕಟ್ಟಿದೆ. ಎಷ್ಟು ಸಲೀಸು! ಎರಡು ಪಟ್ಟಿ ಕೊಯ್ಯುವಷ್ಟರಲ್ಲಿ ಸಿಡಿಲು ಹೊಡೆದು ಕರೆಂಟು ಹೋಯಿತು. ಮಿಷನು ನಿಂತಿತು. ನಾನು ಸ್ನಾನ ಮಾಡಿ, ಗಂಜಿ ಉಂಡು, ಮಲಗಿದೆ. ಕರೆಂಟು ಬಂದದ್ದು ನಡುರಾತ್ರಿ ಕಳೆದ ಮೇಲೆ.

ಕತ್ತಲಲ್ಲಿ ಜಗಲಿಯಿಂದ ಎದ್ದ ಆ ಗರ್ಜನೆಗೆ ನಾಯಿ ಅಟ್ಟ ಹತ್ತಿತು. ಹಸು ಹಗ್ಗ ಹರಿಯಿತು. ನಾನು ಹಾಸಿಗೆಯಲ್ಲೇ ಎದ್ದು ಕುಳಿತು ಕಳ್ಳರು ಎಂದು ನಂಬಿದೆ. ಕಳ್ಳರು ಬಂದು ಚೌಕಟ್ಟು ಮಾಡುವುದು ಯಾಕೆ ಎಂದು ಯೋಚಿಸುವ ಸ್ಥಿತಿಯಲ್ಲಿ ಇರಲಿಲ್ಲ. ನಮ್ಮ ಕಡೆ ತೋಟಕ್ಕೆ ಕಾಡಾನೆ ಬರುವುದು ಹೊಸತೇನಲ್ಲ. ಹಸುವಿನ ಕೂಗು, ನಾಯಿಯ ಊಳು, ಜತೆಗೆ ಮೋಟಾರಿನ ಆರ್ಭಟ ಕೇಳಿ ಪಕ್ಕದ ಮನೆಯವರು, ಪಾಪ, ಮಾಷ್ಟ್ರು ಒಂಟಿಯಾಗಿ ಆನೆ ಓಡಿಸುತ್ತಿದ್ದಾರೆ ಎಂದು ತಿಳಿದು ಸಹಾಯಕ್ಕೆ ಗರ್ನಾಲು ಸಿಡಿಸಿದರು. ಅದನ್ನು ಕೇಳಿ ಆಚೆ ಗುಡ್ಡದ ಮನೆಯವರು ಸಿಡಿಸಿದರು. ಅದನ್ನು ಕೇಳಿ ಹೊಳೆಯಾಚೆಯವರು. ಸ್ವಲ್ಪ ಹೊತ್ತಿನಲ್ಲಿ ಆನೆಯೇ ಇಲ್ಲದ ಇಡೀ ಕಣಿವೆ ಟಾರ್ಚು, ಡಬ್ಬ, ಗರ್ನಾಲುಗಳ ಸಮೇತ ಎದ್ದು ನಿಂತಿತು. ನಾನು ಕೊಡೆ ಬಿಚ್ಚಿ ಮುಂದೆ ಹಿಡಿದುಕೊಂಡು ಮಿಷನಿನ ಹತ್ತಿರ ಹೋಗಲು ನೋಡುತ್ತಿದ್ದಾಗ ಹೆಂಡತಿ ಸದ್ದಿಲ್ಲದೆ ಹೋಗಿ ಮೈನ್ ಸ್ವಿಚ್ಚು ಇಳಿಸಿದಳು. ನಿಶ್ಶಬ್ದವಾಯಿತು. ಎಲ್ಲರೂ ಅಂಗಳಕ್ಕೆ ಬಂದರು. "ಎಷ್ಟು ಇತ್ತು ಮಾಷ್ಟ್ರೇ? ಮರಿ ಉಂಟಾ?" ಎಂದು ಕೇಳಿದರು. ನಾನು ಏನಾದರೂ ಹೇಳಬೇಕಿತ್ತು. "ಒಂದೇ" ಅಂದೆ. "ಆದರೆ ಸೊಕ್ಕಿದ್ದು."

ಮಾರನೇ ದಿನವೇ ಆಚಾರ್ರು ಬಂದರು. ಕರೆಯದೆ ಬಂದರು. ಸುಳ್ಯದವರೆಗೂ ಸುದ್ದಿ ಮುಟ್ಟಿತ್ತು. ಮಿಷ‌ನನ್ನು ನೋಡಿ, ಮೊದಲು ಟ್ಯೂಬು ಬಿಚ್ಚಿ ಕಿಸೆಗೆ ಹಾಕಿಕೊಂಡರು. ಒಂದು ಬೇಡದ ಹಲಗೆಯನ್ನು ಸೊನ್ನೆ ಡಿಗ್ರಿಯಲ್ಲಿ ಎರಡು ತುಂಡು ಮಾಡಿ, ಒಂದು ತುಂಡನ್ನು ಮಗುಚಿ ಹಾಕಿ, ಕೊಯ್ದ ತುದಿಗಳನ್ನು ಮತ್ತೆ ಎದುರುಬದುರು ಕೂಡಿಸಿ ಬೆಳಕಿಗೆ ಹಿಡಿದರು. ಮೇಲ್ಗಡೆ ಸಣ್ಣ ಸಂದು. "ಮಗುಚಿದ್ರೆ ತಪ್ಪು ದುಪ್ಪಟ್ಟು ಕಾಣ್ತದೆ ಮಾಷ್ಟ್ರೇ. ಕಾಣುವುದರ ಅರ್ಧ ನಿಮ್ಮ ಮಿಷನಿನ ತಪ್ಪು" ಎಂದು ಬೇಲಿಯ ಸ್ಕ್ರೂ ಸಡಿಲಿಸಿ, ಮೂಲೆಮಟ್ಟ ಹಿಡಿದು, ಬೇಲಿಯನ್ನು ಕೂದಲಷ್ಟು ಸರಿಸಿದರು. ಉಳಿದರ್ಧ ಯಾರ ತಪ್ಪು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಇಷ್ಟು ಸುಲಭದ, ಇಷ್ಟು ಚಂದದ ಪ್ರಮೇಯ ಯಾವ ಪಾಠಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಉಳಿದ ಹಲಗೆಯಲ್ಲಿ, ಅದೇ ಮಿಷನಿನಲ್ಲಿ, ಎದುರುಬದುರಿನ ಪಟ್ಟಿಗಳನ್ನು ಒಂದೇ ಅಡ್ಡಕಟ್ಟೆಗೆ ತಾಗಿಸಿ ಸಮವಾಗಿ ಕೊಯ್ದು, ತುದಿಗೆ ಒಂದೆರಡು ಸಲ ಕೀಸುಳಿ ತಾಗಿಸಿ ಜೋಡಿಸಿದರು. ಮೂಲೆ ಎಲ್ಲಿ ಎಂದು ಉಗುರಿಗೆ ಗೊತ್ತಾಗಲಿಲ್ಲ. ಒಂದು ಗಂಟೆ ಆಗಿತ್ತು, ಚಾ ಕುಡಿದದ್ದೂ ಸೇರಿ. ಹೊರಡುವಾಗ, "ಮರ ಉದ್ದಕ್ಕೆ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ತದೆ. ಮಳೆಗಾಲದಲ್ಲಿ ಮೂಲೆಯ ಹೊರತುದಿ ಒಂಚೂರು ಬಿಟ್ರೆ, ಬೇಸಿಗೆಯಲ್ಲಿ ಒಳತುದಿ ಬಿಟ್ರೆ, ಹೆದರಬೇಡಿ" ಅಂದರು. ವರ್ಷದ ಹನ್ನೆರಡು ತಿಂಗಳಿಗೂ ಸಲ್ಲುವ ನೆಪ ನನಗೆ ಹೀಗೆ ಸಿಕ್ಕಿತು.

ಒಕ್ಕಲಿನ ದಿನ ಹೆಂಡತಿಯ ತಮ್ಮ ಮೈಕು ಹಿಡಿದು, ಅಜ್ಜನ ಫೋಟೋಕ್ಕೆ ಅಜ್ಜನ ಮರದಲ್ಲೇ ನಮ್ಮ ಭಾವ ಸ್ವತಃ ಕಟ್ಟು ಮಾಡಿದ್ದಾರೆ ಎಂದು ಸಾರಿದ. ನಾನು ಎದ್ದು ಸತ್ಯ ಹೇಳಲು ಬಾಯಿ ತೆರೆದೆ. ಊಟಕ್ಕೆ ಕುಳಿತಿದ್ದ ಆಚಾರ್ರು ದೂರದಿಂದಲೇ ಕೈಯಲ್ಲಿ, ಕೂತುಕೊಳ್ಳಿ ಎಂದರು. ಚಪ್ಪಾಳೆ ಬಿತ್ತು. ಜನ ಬಂದು ಮೂಲೆ ಸವರಿ ನೋಡಿದರು. ಹೇಗೆ ಮಾಡಿದಿರಿ ಎಂದು ಕೇಳಿದವರಿಗೆಲ್ಲ ನಾನು ಪಾಯಸದ ಕಡೆ ಕೈ ತೋರಿಸಿದೆ.

ಆ ಚಪ್ಪಾಳೆ ತಲೆಗೇರಿರಬೇಕು. ದೀಪಾವಳಿ ಹತ್ತಿರ ಬಂದಾಗ ಮರದ ಗೂಡುದೀಪ ಮಾಡುತ್ತೇನೆ ಎಂದು ಹೊರಟೆ. ನಾಲ್ಕು ಬದಿ, ಮೇಲಕ್ಕೆ ಹೋದಂತೆ ಹೊರಗೆ ವಾಲುವ ಗೋಡೆ, ವಾಲು 45 ಡಿಗ್ರಿ. ಇದು ಅಪ್ಪಟ ಕಾಂಪೌಂಡ್ ಕೊಯ್ತ. ಮೂಲೆಗೆ 45, ವಾಲಿಗೆ 45 ಎಂದು ತಟ್ಟೆಯನ್ನು ತಿರುಗಿಸಿ, ತಲೆಯನ್ನು ವಾಲಿಸಿ ಕೊಯ್ದೆ. ಜೋಡಿಸಿದಾಗ ಬಂದದ್ದು ಗೂಡುದೀಪವಲ್ಲ. ಅದು ಏನು ಎಂದು ಈಗಲೂ ಗೊತ್ತಿಲ್ಲ. ಕೋಳಿ ಒಂದು ದಿನ ಒಳಗೆ ಹೋಗಿ ನೋಡಿ, ಹೊರಗೆ ಬಂದು, ಮತ್ತೆ ಆ ಕಡೆ ಹೋಗಲಿಲ್ಲ. ಪಿಯುಸಿ ಓದುವ ಆಚಾರ್ರ ಮೊಮ್ಮಗಳು ಒಂದು ಕಾಗದದಲ್ಲಿ ಸೈನು ಟ್ಯಾನು ಬರೆದು ಲೆಕ್ಕ ಹಾಕಿ ತೋರಿಸಿದಳು: ಗೋಡೆ ವಾಲಿದ ಕೂಡಲೇ ಎರಡು ಕೋನಗಳೂ ಬದಲಾಗುತ್ತವೆ, ತಟ್ಟೆ 35.3ಕ್ಕೆ, ತಲೆ 30ಕ್ಕೆ ಬರಬೇಕು. ನಾನು ಕಾಗದವನ್ನು ಎರಡು ಸಲ ಪರೀಕ್ಷಿಸಿದೆ. ಒಂದು ತಪ್ಪಾದರೂ ಸಿಗುತ್ತದೋ ಎಂಬ ಆಸೆಯಿಂದ ಮೂರನೇ ಸಲವೂ ಪರೀಕ್ಷಿಸಿದೆ.

ಅದೇ ವಾರ ಊರಿನ ಯುವಕ ಮಂಡಲದ ಹುಡುಗರು ಬಂದರು. ಗೂಡುದೀಪ ಸ್ಪರ್ಧೆ ಇಟ್ಟಿದ್ದೇವೆ, ತೀರ್ಪುಗಾರರು ನೀವೇ ಆಗಬೇಕು, ಕಡಬದ ಒಕ್ಕಲಿನಲ್ಲಿ ನಿಮ್ಮ ಕೈಕೆಲಸ ನೋಡಿದ್ದೇವೆ ಎಂದರು. ಕೋಳಿ ಬಿಟ್ಟುಹೋದ ವಸ್ತುವನ್ನು ಕಾಲಿನಿಂದ ಮೇಜಿನ ಅಡಿಗೆ ತಳ್ಳಿ ಒಪ್ಪಿಕೊಂಡೆ. ಅಂಕಪಟ್ಟಿಯಲ್ಲಿ ಅಂದಕ್ಕೆ, ಬಣ್ಣಕ್ಕೆ, ಕೊನೆಗೆ ಮೂಲೆಗಳ ಜೋಡಣೆಗೆ ಎಂದು ಹತ್ತು ಅಂಕ ಇತ್ತು. ಒಂದೊಂದು ಗೂಡುದೀಪದ ಮೂಲೆಯನ್ನೂ ಬಗ್ಗಿ ನೋಡಿದೆ. ಬಿದಿರಿನದು, ಕಾಗದದ್ದು, ಮರದ್ದು, ಎಲ್ಲವೂ ಕೂಡಿದ್ದವು. ಎಲ್ಲದಕ್ಕೂ ಹತ್ತಕ್ಕೆ ಹತ್ತು ಬರೆದೆ. ಒಂದಕ್ಕೆ ಹನ್ನೊಂದು ಬರೆದಿದ್ದೆನಂತೆ. ಅಂಕ ಕೂಡಿಸುತ್ತಿದ್ದ ಹುಡುಗ, ಅವನ ಅಪ್ಪನೂ ನನ್ನ ಶಿಷ್ಯನೇ, ಪಟ್ಟಿ ಹಿಡಿದುಕೊಂಡು ಬಂದು, "ಸಾರ್, ಹತ್ತರಲ್ಲಿ ಹನ್ನೊಂದು ಬರ್ಲಿಕ್ಕುಂಟಾ?" ಎಂದು ಕೇಳಿದ.

"ಬ್ಲೇಡಿನ ದಪ್ಪ ಸೇರಿಸಿದ್ದೇನೆ ಮಗಾ" ಅಂದೆ.